ಸತ್ಯಾಂಶ: ಸಿಎ-125 ಜಾಸ್ತಿ ಇದ್ದರೆ ಕ್ಯಾನ್ಸರೇ?

‘ಸಿಎ-125 ರಕ್ತ ಪರೀಕ್ಷೆ ಮಾಡಿಸಿ. 35 ದಾಟಿದರೆ ಅಂಡಾಶಯದ ಕ್ಯಾನ್ಸರ್, ಕಡಿಮೆ ಇದ್ದರೆ ಭಯವಿಲ್ಲ’ ಎಂಬ ವಾಟ್ಸಾಪ್ ಮೆಸೇಜಿನ ಎರಡೂ ಮಾತು ತಪ್ಪು.

ಸಿಎ-125 ರಕ್ತದಲ್ಲಿರುವ ಒಂದು ಪ್ರೋಟೀನ್. ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಾದಾಗ, ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ) ಗಡ್ಡೆಯಿದ್ದಾಗ, ಹೊಟ್ಟೆಯ ಟಿಬಿಯಲ್ಲೂ ಏರಬಹುದು. ರಿಪೋರ್ಟಿನಲ್ಲಿ 60 ನೋಡಿ ರಾತ್ರಿಯಿಡೀ ಅಳುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು, ಅಲ್ವಾ? ಇನ್ನು ಆರಂಭದ ಹಂತದ ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ನಾರ್ಮಲ್ಲಾಗಿಯೇ ಇರುತ್ತದೆ. ಹಾಗಾಗಿ ರಿಪೋರ್ಟ್ ನಾರ್ಮಲ್ ಇದ್ದರೂ ಹೊಟ್ಟೆಯುಬ್ಬರ ವಾರಗಟ್ಟಲೆ ಕಾಡಿದರೆ ಡಾಕ್ಟರಿಗೆ ತೋರಿಸಿ, ಸ್ಕ್ಯಾನಿಂಗ್ ಬೇಕಾಗಬಹುದು. ಕ್ಯಾನ್ಸರ್ ಖಚಿತವಾಗುವುದು ಗಡ್ಡೆಯ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆಯೇ.

ಹಾಗಂತ ಈ ಟೆಸ್ಟ್ ದಂಡವಲ್ಲ. ಚಿಕಿತ್ಸೆಗೆ ಮೊದಲು 800 ಇದ್ದದ್ದು ಕೀಮೋ ನಂತರ 20ಕ್ಕೆ ಇಳಿದರೆ, ಔಷಧಿ ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬ್ ಬದಲಾದರೆ ಅಂಕಿಯೂ ಬದಲಾಗಬಹುದು.