ಸಂಕಟ ಯಾವಾಗ ಶುರುವಾಯಿತು?

ಹೋದ ಚಳಿಗಾಲದಲ್ಲಿ ಇಲ್ಲಿ ಮೆಲ್ಬರ್ನ್‌ನಲ್ಲಿ ಮನೆ ಹತ್ತಿರದ ಡಾಕ್ಟರ್ ಬಳಿ ಹೋಗಿದ್ದೆ. ಎರಡು ತಿಂಗಳಿಂದ ಹೊಟ್ಟೆ ಸರಿ ಇರಲಿಲ್ಲ. ಉಂಡರೆ ಉಬ್ಬರ, ಬೆಳಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಮೂರು ಸಲ ಟಾಯ್ಲೆಟ್ಟಿಗೆ ಓಡಬೇಕು. ಆಕೆ ಮೊದಲು ರಕ್ತ ಪರೀಕ್ಷೆಗೆ ಬರೆದರು. ತೂಕ ಇಳಿದಿದೆಯಾ, ರಕ್ತ ಬೀಳುತ್ತಾ ಎಂದು ವಿಚಾರಿಸಿದರು. ಆಮೇಲೆ ಕಂಪ್ಯೂಟರಿನಿಂದ ಕಣ್ಣು ತೆಗೆದು ಕೇಳಿದರು: 'ಇದು ಶುರುವಾದ ದಿನಗಳಲ್ಲಿ ಮನೆಯಲ್ಲಿ, ಕೆಲಸದಲ್ಲಿ ಏನಾಗ್ತಾ ಇತ್ತು?'

ನನ್ನ ಗಂಟಲು ಕಟ್ಟಿತು. ಕೆಲಸ ಹೋಗುತ್ತದೇನೋ ಎಂಬ ಭಯದಲ್ಲಿ ನಾನು ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು. ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟರಿಗೆ ಹೇಳಿದೆ.

ಅವತ್ತು ರಾತ್ರಿಯೆಲ್ಲ ಅಪ್ಪನದೇ ನೆನಪು. ಶಿವಮೊಗ್ಗದಲ್ಲಿ ಎಂಟು ವರ್ಷ ಅಪ್ಪ ಹೊಟ್ಟೆ ಹಿಡಿದುಕೊಂಡು ತಿರುಗಿದರು. ಮೂರು ಸಲ ಎಂಡೋಸ್ಕೋಪಿ ಆಯಿತು. ಮೂರು ಸಲವೂ ಒಂದೇ ಮಾತು: 'ಏನೂ ಇಲ್ಲ, ಗ್ಯಾಸ್ಟ್ರಿಕ್ ಅಷ್ಟೆ.' ಜತೆಗೆ ಒಂದು ಶೀಟು ಮಾತ್ರೆ. ಮನೆಯಲ್ಲಿ ಜೀರಿಗೆ ಕಷಾಯ, ಒಂದೆಲಗದ ತಂಬುಳಿ. ಅತ್ತೆ ಬಂದು ದೃಷ್ಟಿ ತೆಗೆದು ಹೋದರು. ಚಿಕ್ಕಪ್ಪ ತೀರಿಕೊಂಡ ವರ್ಷವೇ ಇದೆಲ್ಲ ಶುರುವಾಗಿದ್ದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮಗನಾದ ನನಗೂ ಹೊಳೆಯಲಿಲ್ಲ. ನೋಯುತ್ತಿರುವ ಮನುಷ್ಯನಿಗೆ 'ಏನೂ ಇಲ್ಲ' ಅಂದರೆ ಅವನು ಎಲ್ಲಿಗೆ ಹೋಗಬೇಕು?

ಏನೂ ಇಲ್ಲ ಅನ್ನುವುದು ಸುಳ್ಳು. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ವೇಗಸ್ ಎಂಬ ನರ ಮಿದುಳನ್ನೂ ಹೊಟ್ಟೆಯನ್ನೂ ಜೋಡಿಸುತ್ತದೆ. ಅದರ ಹೆಚ್ಚಿನ ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಹೊಟ್ಟೆಯಿಂದ ತಲೆಗೆ. ಭಯ ಕರುಳಿನ ಓಟ ಕೆಡಿಸುತ್ತದೆ, ಕೆಟ್ಟ ಕರುಳು ಮನಸ್ಸಿನ ನೆಮ್ಮದಿ ಕೆಡಿಸುತ್ತದೆ. ನನಗೆ ಬಂದಿದ್ದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಅದನ್ನು ಈಗ ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆ ಕೆಟ್ಟು ಬರುವ ಕಾಯಿಲೆ ಎಂದೇ ಕರೆಯುತ್ತಾರೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ನಿಜ.

ಇದೇ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಐಬಿಎಸ್ ಇರುವವರಿಗೆಂದು ಒಂದು ಪಥ್ಯ ರೂಪಿಸಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಲವು ಬೇಳೆಕಾಳು ಕೆಲವು ವಾರ ಬಿಡಬೇಕು. ನಮ್ಮಂಥವರಿಗೆ ಅದೇನು ಸಣ್ಣ ಮಾತಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2016ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಸಂಗತಿ. 74 ರೋಗಿಗಳಲ್ಲಿ ಕೆಲವರಿಗೆ ಈ ಪಥ್ಯ, ಕೆಲವರಿಗೆ ಕರುಳನ್ನು ಶಾಂತಗೊಳಿಸುವ ಸಮ್ಮೋಹನ ಚಿಕಿತ್ಸೆ, ಉಳಿದವರಿಗೆ ಎರಡೂ. ಆರು ವಾರದ ಮೇಲೆ ನೋಡಿದರೆ ಮೂರೂ ಗುಂಪಿನಲ್ಲಿ 10ಕ್ಕೆ ಸುಮಾರು 7 ಮಂದಿಗೆ ಗುಣ ಕಂಡಿತ್ತು. ಈರುಳ್ಳಿ ಬಿಟ್ಟವರಿಗೆ ಸಿಕ್ಕಷ್ಟೇ ಆರಾಮ, ಕಣ್ಣು ಮುಚ್ಚಿ ಮಾತು ಕೇಳಿದವರಿಗೂ ಸಿಕ್ಕಿತ್ತು!

ಇದನ್ನು ನಮಗೆ ಬೇರೆಯವರು ಹೇಳಿಕೊಡಬೇಕಿತ್ತಾ ಅನ್ನಿಸುತ್ತದೆ. ಕನ್ನಡದಲ್ಲಿ ಹೊಟ್ಟೆ ತೊಳಸಿದರೂ ಸಂಕಟ, ಮನಸ್ಸು ನೊಂದರೂ ಸಂಕಟ. ಮಕ್ಕಳ ಕಷ್ಟ ನೋಡಿ ಕರುಳು ಚುರುಕ್ ಅನ್ನುತ್ತದೆ. ಬೇರೆಯವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಇಷ್ಟೆಲ್ಲ ಗೊತ್ತಿದ್ದ ಊರಿನಲ್ಲೇ ಗಂಡಸು ಹೊಟ್ಟೆನೋವು ಅಂದರೆ ಮಾತ್ರೆ ಕೊಡುತ್ತಾರೆ, ಮನಸ್ಸಿಗೆ ಬೇಜಾರು ಅಂದರೆ ಸುಮ್ನೆ ಇರು ಅನ್ನುತ್ತಾರೆ. ನನಗೆ ಇದರ ಮೇಲೆ ಸಿಟ್ಟಿದೆ. ಇನ್ನೂ ಆರಿಲ್ಲ.

ಹೋದ ತಿಂಗಳು ಫೋನಿನಲ್ಲಿ ಅಪ್ಪನನ್ನು ಕೇಳಿಯೇಬಿಟ್ಟೆ. ಸಂಕಟ ಯಾವಾಗ ಶುರುವಾಯಿತು ಅಪ್ಪಾ? ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. 'ಅವನು ಹೋದ ಮೇಲೆ' ಎಂದರು. ಆಮೇಲೆ ಅಪ್ಪ ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಆ ಎಂಟು ವರ್ಷ ಅಮ್ಮ ಒಂದು ದಿನವೂ ಅವರನ್ನು ಒಬ್ಬರನ್ನೇ ಊಟಕ್ಕೆ ಕೂರಿಸಲಿಲ್ಲವಂತೆ. ಅನ್ನಕ್ಕೆ ಮಜ್ಜಿಗೆ ಕಲಸಿಕೊಟ್ಟು, ತಟ್ಟೆ ಖಾಲಿಯಾಗುವವರೆಗೂ ಎದುರಿಗೆ ಕೂತಿರುತ್ತಿದ್ದಳಂತೆ. ಒಂದು ಪ್ರಶ್ನೆಯನ್ನೂ ಕೇಳದೆ.

ಅದೂ ಒಂದು ಔಷಧಿಯೇ ಇರಬೇಕು, ಒಪ್ಪುತ್ತೇನೆ. ನನ್ನ ಡಾಕ್ಟರ್ ಕೊಟ್ಟ ಹದಿನೈದು ನಿಮಿಷ ಮುಗಿದ ಮೇಲೆ, ಅವತ್ತು ನಾನು ಮನೆಗೆ ಬಂದು ಫ್ರಿಜ್ಜಿನಲ್ಲಿದ್ದ ಅನ್ನವನ್ನು ನಿಂತುಕೊಂಡೇ ತಿಂದಿದ್ದೆ.