ಅಂತಸ್ತಿನ ಲೆಕ್ಕ

ದುಬೈಯಲ್ಲಿರುವ ಅಕ್ಕನ ಮಗ ಬುರ್ಜ್ ಖಲೀಫಾದ 124ನೇ ಮಹಡಿಯಿಂದ ಫೋಟೊ ಕಳಿಸಿದ್ದ. 'ಮಾಮ, ಪ್ರಪಂಚವೆಲ್ಲ ನನ್ನ ಕಾಲ ಕೆಳಗೆ!' ನಾನಾಗ ಬನಶಂಕರಿಯ ನಮ್ಮ ನೆಲಮಹಡಿ ಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಆ ಕಟ್ಟಡದ ತುದಿ 828 ಮೀಟರ್. ನಿಂತಿರುವುದು ಕಡಲಂಚಿನ ಮರಳಲ್ಲಿ. ಬೆಂಗಳೂರೋ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. 'ಕಂದಾ, ನೀನು ಅದರ ತುದಿಯ ಕಂಬಿ ಹಿಡಿದು ನೇತಾಡಿದರೂ ನನ್ನ ಹುರುಳಿಕಾಯಿ ಬುಟ್ಟಿ ನಿನಗಿಂತ ಮೇಲೇ ಕಣೋ' ಎಂದು ಬರೆದೆ. ಅವನು ನಗುವ ಮುಖವೊಂದನ್ನು ಕಳಿಸಿ ಸುಮ್ಮನಾದ.

ಇದು ಬರೀ ಕುಚೋದ್ಯವಲ್ಲ. ವಿಮಾನ ನಿಲ್ದಾಣದ ಸುತ್ತಮುತ್ತ ಎಷ್ಟೆತ್ತರ ಕಟ್ಟಬಹುದೆಂದು ಅನುಮತಿ ಕೊಡುವವರೂ ಸಮುದ್ರ ಮಟ್ಟದಿಂದಲೇ ಲೆಕ್ಕ ಹಾಕುತ್ತಾರೆ. ಎಚ್‌ಎಎಲ್ ಆಸುಪಾಸಿನಲ್ಲಿ ಒಂದೇ ಮಿತಿಯೊಳಗೆ ಬರುವ ಇಬ್ಬರಲ್ಲಿ ದಿಣ್ಣೆಯ ಮೇಲೆ ಸೈಟು ಇದ್ದವನಿಗೆ ಮಹಡಿ ಕಡಿಮೆ, ತಗ್ಗಿನಲ್ಲಿದ್ದವನಿಗೆ ಒಂದೆರಡು ಹೆಚ್ಚು. ಹುಟ್ಟಿನಿಂದ ಎತ್ತರದಲ್ಲಿದ್ದವನಿಗೆ ಸರ್ಕಾರ ಬುದ್ಧಿ ಕಲಿಸುವ ಜಾಗ ಇದೊಂದೇ ಇರಬೇಕು.

ತಿಪಟೂರಿನಿಂದ ರಜೆಗೆ ಬರುತ್ತಿದ್ದ ನಮಗೆ ಎತ್ತರವೆಂದರೆ ಯುಟಿಲಿಟಿ ಬಿಲ್ಡಿಂಗು. ಕಾಗದಪತ್ರದಲ್ಲಿ ಅದಕ್ಕೆ ಸುಭಾಷ್ ಚಂದ್ರ ಬೋಸರ ಹೆಸರಿದೆ. ಬಾಯಲ್ಲಿ ಮಾತ್ರ ಯುಟಿಲಿಟಿಯೇ. ವಿಧಾನಸೌಧವನ್ನೂ ನೋಡುತ್ತಿದ್ದೆವು. 1956ರಲ್ಲಿ ಮುಗಿದ ಆ ಕಟ್ಟಡ ದೊಡ್ಡದೇ, ಆದರೆ ಪದ್ಮಾಸನ ಹಾಕಿ ಕೂತವರ ಹಾಗೆ ಅಗಲಕ್ಕೆ ದೊಡ್ಡದು. ಎದ್ದು ನಿಂತಿದ್ದು ಎಂ.ಜಿ. ರೋಡಿನದು. ಸೋದರಮಾವ ಫುಟ್‌ಪಾತಿನಲ್ಲಿ ನಿಲ್ಲಿಸಿ, 'ಎಣಿಸು ನೋಡೋಣ' ಅನ್ನುವರು. ನನಗೆ 23 ಸಿಕ್ಕರೆ ಅವರಿಗೆ 26. ಇರುವುದು 25. ಒಂದು ಸಲವೂ ನಮ್ಮ ಲೆಕ್ಕ ಕೂಡಲಿಲ್ಲ. ಕತ್ತು ಮಾತ್ರ ಇಬ್ಬರದೂ ಹಿಡಿದುಕೊಂಡಿತು.

ಈಗ ಹುಳಿಮಾವಿನ ಮಂತ್ರಿ ಪಿನಾಕಲ್ಲೇ 46 ಅಂತಸ್ತು. ಯಾರೂ ಮಕ್ಕಳನ್ನು ಕರೆದೊಯ್ದು ಎಣಿಸಲು ಹೇಳುವುದಿಲ್ಲ. ಅಂತಸ್ತು ಎಂದರೆ ನಮ್ಮಲ್ಲಿ ಮಹಡಿಯೂ ಹೌದು, ಘನತೆಯೂ ಹೌದು. ಬಿಲ್ಡರುಗಳು ಎರಡನ್ನೂ ಸೇರಿಸಿಯೇ ಮಾರುತ್ತಾರೆ. ಮೇಲೆ ಹೋದಷ್ಟೂ ಚದರಡಿಗೆ ಇಷ್ಟು ಅಂತ ಹೆಚ್ಚು. ಅದಕ್ಕೆ 'ಫ್ಲೋರ್ ರೈಸ್' ಎಂಬ ಹೆಸರು.

ನನ್ನ ಗೆಳೆಯ ಹಾಗೆ ದುಡ್ಡು ತೆತ್ತು 27ನೇ ಮಹಡಿ ಸೇರಿದ. ಅಷ್ಟು ಮೇಲೆ ಸೊಳ್ಳೆ ಬರುವುದಿಲ್ಲವೆಂದು ಹೇಳಿದ್ದರಂತೆ. ಬಂದವು. ಲಿಫ್ಟಿನಲ್ಲಿ ಬಂದಿರಬೇಕು ಎಂಬುದು ಅವನ ಗುಮಾನಿ. ಬರದಿದ್ದದ್ದು ಸೊಪ್ಪಿನವಳ ಕೂಗು, ಮತ್ತು ಕಾಗೆ.

ಕಾಗೆಯ ವಿಷಯ ಗೊತ್ತಾದದ್ದು ಮಹಾಲಯ ಅಮಾವಾಸ್ಯೆಯ ದಿನ. ನನ್ನನ್ನೂ ಊಟಕ್ಕೆ ಕರೆದಿದ್ದ. ಹಿರಿಯರಿಗೆ ಎಡೆ ಇಟ್ಟಾಯಿತು, ವಡೆ ಪಾಯಸವೆಲ್ಲ ಬಡಿಸಿದ ಎಲೆ ಸಿದ್ಧವಾಯಿತು. ಬಾಲ್ಕನಿಯಲ್ಲಿಡೋಣವೆಂದರೆ ಪಾರಿವಾಳಕ್ಕೆಂದು ಬಲೆ ಬಿಗಿದಿದ್ದರು. ಟೆರೇಸಿಗೆ ಅಸೋಸಿಯೇಷನ್ನಿನ ಬೀಗ. ಕಿಟಕಿಯಿಂದ ನೋಡಿದರೆ ಹದ್ದೊಂದು ನಮಗಿಂತ ಕೆಳಗೆ ಸುತ್ತು ಹಾಕುತ್ತಿತ್ತು. ಗೆಳೆಯನ ತಾಯಿ, 'ನಿಮ್ಮಪ್ಪ ಒಂದನೇ ಮಹಡಿ ಹತ್ತುವುದಕ್ಕೇ ಏದುಸಿರು ಬಿಡ್ತಿದ್ರು, ಇಲ್ಲಿಗೆಲ್ಲಿ ಬರ್ತಾರೆ? ಕೆಳಗೆ ತಗೊಂಡು ಹೋಗೋ' ಅಂದರು.

ಎಲೆ ಹಿಡಿದು ಲಿಫ್ಟಿಗೆ ಹೊಕ್ಕೆವು. 19ರಲ್ಲಿ ಪಾರ್ಸೆಲ್ ಹುಡುಗನೊಬ್ಬ ಹತ್ತಿದ, 11ರಲ್ಲಿ ಸರಪಳಿ ಸಮೇತ ಒಂದು ನಾಯಿ. ನಾಯಿ ವಡೆಯನ್ನು ನೋಡಿತು, ಗೆಳೆಯ ಎಲೆಯನ್ನು ತಲೆಯ ಮೇಲೆತ್ತಿ ಹಿಡಿದ. ಉಳಿದ ಹತ್ತು ಮಹಡಿ ಎಷ್ಟು ಉದ್ದವೆಂದು ಆವತ್ತು ತಿಳಿಯಿತು. ಜನರೇಟರಿನ ಹಿಂದೆ ಒಂದು ಹೊಂಗೆ ಮರ. ಅದರ ಬುಡದಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುವುದರೊಳಗೆ ಕಾಗೆ ಬಂದು ವಡೆಯನ್ನೇ ಮೊದಲು ಎತ್ತಿತು. 'ಅಪ್ಪನೇ' ಅಂದ ಗೆಳೆಯ. ಆಮೇಲೆ ಸಮಾಧಾನದಿಂದ ತಲೆಯೆತ್ತಿ, ತನ್ನ ಮನೆ ಯಾವುದೆಂದು ನನಗೆ ತೋರಿಸಲು ಕೆಳಗಿನಿಂದ ಎಣಿಸತೊಡಗಿದ. ಹದಿನಾರಕ್ಕೆ ತಪ್ಪಿತು, ಮತ್ತೆ ಒಂದರಿಂದ ಶುರು ಮಾಡಿದ. ನಾನು ಕತ್ತು ಉಜ್ಜಿಕೊಳ್ಳುತ್ತಾ ಪಕ್ಕದಲ್ಲಿ ನಿಂತೆ.