ಮಂಡಿ ಸವೆತಕ್ಕೆ ನಮ್ಮದೇ ರಕ್ತ ಮದ್ದಾದೀತೇ?

ಪರ

ಮಂಡಿ ಸವೆದಿದೆ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಚಪ್ಪಲಿಯ ಅಟ್ಟೆ. ಕೀಲಿನೊಳಗೆ ನಡೆಯುವುದೇ ಬೇರೆ. ಐಎಲ್-1, ಟಿಎನ್‌ಎಫ್ ಎಂಬ ಉರಿಯೂತದ ಸಂಕೇತಗಳು ಹೆಚ್ಚಿದಾಗ ಮೃದ್ವಸ್ಥಿಯ, ಅಂದರೆ ಮೂಳೆತುದಿಯ ನುಣುಪು ಹೊದಿಕೆಯ, ಕೋಶದಲ್ಲಿ ಎನ್‌ಎಫ್-ಕಪ್ಪಾಬಿ ಎಂಬ, ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನು ಚುರುಕಾಗುತ್ತದೆ. ಮೃದ್ವಸ್ಥಿಯನ್ನು ಕಾಪಾಡಬೇಕಾದ ಅದೇ ಕೋಶ ಎಂಎಂಪಿ-13 ಎಂಬ ಕಿಣ್ವ ಸ್ರವಿಸಿ, ತನ್ನ ಸುತ್ತಲಿನ ಕೊಲಾಜೆನ್ ಎಂಬ ನಾರನ್ನು ತಾನೇ ಕತ್ತರಿಸತೊಡಗುತ್ತದೆ. ಇದನ್ನು ತಡೆಯುವುದು ಸಾಬೀತಾದ ಮಾತ್ರೆ ಇನ್ನೂ ಬಂದಿಲ್ಲ.

ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳಲ್ಲಿ ಟಿಜಿಎಫ್-ಬೀಟಾ, ಪಿಡಿಜಿಎಫ್‌ನಂಥ ಬೆಳವಣಿಗೆಯ ಅಂಶಗಳಿವೆ. ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ (ರೋಗಿಯದೇ ರಕ್ತದಿಂದ ಬೇರ್ಪಡಿಸಿ ಮಂಡಿಗೆ ಚುಚ್ಚುವ ದ್ರವ), ಅಂದರೆ ಪಿಆರ್‌ಪಿ, ಎನ್‌ಎಫ್-ಕಪ್ಪಾಬಿಯನ್ನು ತಗ್ಗಿಸುವುದು ಪ್ರಯೋಗಾಲಯದ ಕೋಶಗಳಲ್ಲಿ ಕಂಡಿದೆ. ಸಂಕೇತ ಕೆಟ್ಟ ಕಡೆ ಸಂಕೇತದಿಂದಲೇ ರಿಪೇರಿ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಅಮ್ಮ ಮೆಟ್ಟಿಲು ಇಳಿಯುತ್ತಿದ್ದುದು ಅಡ್ಡಡ್ಡವಾಗಿ, ಎರಡೂ ಕೈ ಗೋಡೆಗೆ ಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ. ಮೊದಲು ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದೆವು. ನಾಲ್ಕು ವಾರಕ್ಕೆ ನೋವು ವಾಪಸ್. ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿ, ಹೋಲಿಕೆಗೆಂದು ಬರೀ ಉಪ್ಪುನೀರು ಪಡೆದವರಿಗಿಂತ ಹೆಚ್ಚು ಸವೆದಿತ್ತೆಂದು 2017ರ ಅಧ್ಯಯನ ಹೇಳಿದೆ. ಅದನ್ನು ಓದಿದ ಮೇಲೆ ಮತ್ತೆ ಹಾಕಿಸಲು ಮನಸ್ಸೇ ಬರಲಿಲ್ಲ. ಪಿಆರ್‌ಪಿಗೆ ಒಪ್ಪಿದೆವು. ಅಮ್ಮನ ರಕ್ತ ತುಂಬಿ ಯಂತ್ರದಲ್ಲಿ ತಿರುಗಿ ಬಂದ ಕೊಳವೆಯನ್ನು ವೈದ್ಯರು ಬೆಳಕಿಗೆ ಹಿಡಿದು ತೋರಿಸಿದರು: ತಳದಲ್ಲಿ ಕಡುಗೆಂಪು, ಮೇಲೆ ತಿಳಿಹಳದಿ, ನಡುವೆ ಬಿಳಿಯ ಸಣ್ಣ ಪದರ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅಮ್ಮ ನೇರ ಮುಖ ಮಾಡಿ ಮೆಟ್ಟಿಲು ಇಳಿದು ಬಂದರು. ಒಂದು ಕೈ ಮಾತ್ರ ಗೋಡೆಯ ಮೇಲಿತ್ತು. ಫಲ ಕಾಣದ ಪ್ರಯೋಗಗಳನ್ನು ಮುಂದಿಡುವವರಿಗೆ ನಾನು ಕೇಳುವುದಿಷ್ಟೇ: ಅವುಗಳಲ್ಲಿ ಕೊಟ್ಟ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್ ಎಷ್ಟಿತ್ತು?

ವಿರೋಧ

ಈ ಬದಿಯಲ್ಲಿ ಬರೆಯಿರಿ ಎಂದು ನನ್ನನ್ನು ಕೇಳಿದರು, ಒಪ್ಪಿದೆ. ಕೋಶದ ಸಂಕೇತಗಳ ವಿವರಣೆಗೆ ನನ್ನ ತಕರಾರಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಆದದ್ದು ಮೈಭಾರ ಹೊತ್ತ ಮಂಡಿಗೂ ಆಗುತ್ತದೆ ಎಂದು ಹೇಳಲು ಪುರಾವೆ ಬೇಕು, ಅಷ್ಟೇ.

2021ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 288 ಜನರಲ್ಲಿ ಕೆಲವರಿಗೆ ಪಿಆರ್‌ಪಿ, ಕೆಲವರಿಗೆ ಉಪ್ಪುನೀರು ಕೊಟ್ಟರು, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ತಮಗೆ ಸಿಕ್ಕಿದ್ದು ಯಾವುದೆಂದು ಪಡೆದವರಿಗೆ ಗೊತ್ತಿರಲಿಲ್ಲ. ವರ್ಷದ ಕೊನೆಗೆ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಪಿಆರ್‌ಪಿಯವರಲ್ಲಿ 2.1, ಉಪ್ಪುನೀರಿನವರಲ್ಲಿ 1.8 ಇಳಿದಿತ್ತು. ಲೆಕ್ಕಕ್ಕೆ ಹಿಡಿಯುವಂಥ ಅಂತರವಲ್ಲ ಅದು. ಮೃದ್ವಸ್ಥಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಸವೆದಿತ್ತು. ಪ್ಲೇಟ್‌ಲೆಟ್ ಸಾಲಲಿಲ್ಲ ಎನ್ನುವುದು ಸೋತ ಮೇಲೆ ಹುಡುಕುವ ಕಾರಣ.

ಉಪ್ಪುನೀರು ಪಡೆದವರಲ್ಲೂ ಎಷ್ಟೋ ಮಂದಿಗೆ ಮೆಟ್ಟಿಲು ಸಲೀಸಾಗಿರಬೇಕು. ನೋವು ತೀರಾ ಹೆಚ್ಚಿದ ದಿನಗಳಲ್ಲೇ ನಾವು ಸೂಜಿಗೆ ಒಪ್ಪುತ್ತೇವೆ. ಆಮೇಲೆ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಅಮ್ಮನವರ ನೆಮ್ಮದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಯಾವುದರಿಂದ ಬಂತೆಂದು ಒಬ್ಬರನ್ನು ನೋಡಿ ತಿಳಿಯಲಾಗದು.

ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಮಂಡಿ, ಸೊಂಟದ ಸವೆತಕ್ಕೆ ಪಿಆರ್‌ಪಿ ಬೇಡವೆಂದು ಬಲವಾಗಿ ಹೇಳಿತು. ತಯಾರಿ ಒಂದೇ ಬಗೆಯಲ್ಲಿ ಇಲ್ಲದ್ದು ಅದಕ್ಕೊಂದು ಕಾರಣ. ತಯಾರಿ ಸುಧಾರಿಸಿದರೆ ಫಲಿತಾಂಶವೂ ಬದಲಾಗಬಹುದು, ಅದನ್ನು ನಾನು ಒಪ್ಪುತ್ತೇನೆ. ಸದ್ಯಕ್ಕೆ, ರಕ್ತ ತೆಗೆಯುವ ಮುಂಚೆ ಆ 2.1 ಮತ್ತು 1.8ನ್ನು ರೋಗಿಗೆ ಬಿಡಿಸಿ ಹೇಳಿದರೆ ನನ್ನ ವಿರೋಧ ಅರ್ಧ ಕಡಿಮೆಯಾಗುತ್ತದೆ.